ಟವೆಲ್ ಕೆಳಗಿನ ಓದು

ದ್ಯಾಮಣ್ಣ ಬ್ರೈಲ್ ಹಾಳೆಯನ್ನು ಅತ್ತ ತಳ್ಳಿದ. "ಸಾಕ್ರಿ ಅಕ್ಕಾರ. ರವಾ ಚೆಲ್ಲಿದಂಗ ಐತಿ. ಒಂದು ಅಕ್ಷರನೂ ಕೈಗೆ ಹತ್ತವಲ್ದು."

ಎದುರಿಗಿದ್ದ ಭಾಗ್ಯಾ ಹುಟ್ಟಿನಿಂದಲೇ ಕಣ್ಣಿಲ್ಲದವಳು. ದೃಷ್ಟಿ ಕಳೆದುಕೊಂಡವರ ಮನೆಗಳಿಗೆ ಹೋಗಿ ಓದು ಕಲಿಸುವವಳು. ಲೈಬ್ರರಿಯ ಪುಸ್ತಕದ ಚೀಲ ಹೊತ್ತು ಎರಡು ತಿಂಗಳಿಂದ ಕಮರಿಪೇಟೆಯ ಈ ಮನೆಗೆ ಬರುತ್ತಿದ್ದಳು. "ಕಾಕಾ, ನೀವು ದನದ ಸಂತ್ಯಾಗ ದಲ್ಲಾಳಿ ಇದ್ರಂತ. ಖರೇ ಏನ್ರಿ?"

"ನಲವತ್ತು ವರ್ಷರಿ!" ದ್ಯಾಮಣ್ಣನ ಬೆನ್ನು ನೆಟ್ಟಗಾಯಿತು. ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದೇ ಎತ್ತಿನ ಬೆಲೆ ಕುದುರಿಸುವುದರಲ್ಲಿ ಅವನು ಒಮ್ಮೆಯೂ ತಪ್ಪಿದವನಲ್ಲ. ಕಣ್ಣು ಎದುರಿನವನ ಮುಖದ ಮೇಲೆ, ಮಾತೆಲ್ಲ ಬೆರಳಲ್ಲಿ. ವ್ಯಾಪಾರ ಮುಗಿಯುವ ತನಕ ಯಾರೂ ಆ ಟವೆಲ್ ಎತ್ತುವ ಹಾಗಿರಲಿಲ್ಲ.

"ಹಂಗಾರ ನಿಮ್ಮ ಟವೆಲ್ ಕೊಡ್ರಿ." ಭಾಗ್ಯಾ ಅವನ ಕೈಯನ್ನು ಹಾಳೆಯ ಮೇಲಿಟ್ಟು, ಅದರ ಮೇಲೆ ಟವೆಲ್ ಹೊದಿಸಿದಳು. "ಈಗ ಮಾತಾಡಸ್ರಿ ಅದನ್ನ."

ಬೆರಳುಗಳು ತಮ್ಮ ಹಳೆಯ ಸಂತೆಗೆ ಮರಳಿದವು. ಒತ್ತಲಿಲ್ಲ, ಅವಸರ ಮಾಡಲಿಲ್ಲ. ಎದುರಿನವನ ಮನಸ್ಸು ತಿಳಿಯುವವರಂತೆ ಚುಕ್ಕೆಯಿಂದ ಚುಕ್ಕೆಗೆ ಸರಿದವು. ದ್ಯಾಮಣ್ಣನ ತುಟಿ ಅಲುಗಿತು. "ಒಂ... ಒಂದು... ಒಂದು ಊರು..."

ಅಡಿಗೆಮನೆಯಿಂದ ಬಂದ ಹೆಂಡತಿ ಸಂಗವ್ವ, "ಇದೇನ್ರಿ, ಕೈ ಯಾಕ ಮುಚ್ಚೀರಿ?" ಎನ್ನುತ್ತ ಟವೆಲ್ಲಿನ ತುದಿ ಹಿಡಿದಳು.

"ಏ, ತಗೀಬ್ಯಾಡ!" ದ್ಯಾಮಣ್ಣ ಗದರಿದ. "ವ್ಯಾಪಾರ ನಡದೈತಿ."