ಒಂಬತ್ತನೇ ಪ್ರಶ್ನೆ ಮತ್ತು ಎಣ್ಣೆಗಾಯಿ

ಊಟಕ್ಕೆ ಕೂತಿದ್ದರೆ ಮುಗಿಸಿಕೊಂಡು ಬಂದು ಓದಿ... ಹೊಟ್ಟೆ ತೊಳಸುವ ಕಥೆ ಇದು.

ತುಮಕೂರಿನ ಕಡೆಯ ಒಂದು ಕಾಲೇಜು. ಅಲ್ಲಿ ಮನಃಶಾಸ್ತ್ರ ಪಾಠ ಮಾಡುವವರು ಶಶಿರೇಖಾ ಮೇಡಂ.

ಮಾನಸಿಕ ಕಾಯಿಲೆ ಬಂದು ಚೇತರಿಸಿಕೊಂಡವರನ್ನು ಜನ ಯಾಕೆ ದೂರ ಇಡುತ್ತಾರೆ, ಅದನ್ನು ಬದಲಾಯಿಸುವುದು ಹೇಗೆ... ಮೂರು ವರ್ಷದಿಂದ ಅವರ ಸಂಶೋಧನೆ ಇದೇ.

ಆ ದಿನ ಕಾಲೇಜಿನಲ್ಲಿ ಅದರದ್ದೇ ಸೆಮಿನಾರ್. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಫಾರ್ಮ್ ಹಂಚಿದರು. ಹೆಸರು ಬರೆಯಬೇಕಿಲ್ಲ, ಹೌದು ಅಥವಾ ಇಲ್ಲ ಅಂತ ಟಿಕ್ ಹಾಕಿದರೆ ಸಾಕು.

ಒಂಬತ್ತನೇ ಪ್ರಶ್ನೆ ಹೀಗಿತ್ತು: "ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಮಾಡಿದ ಅಡುಗೆಯನ್ನು ನೀವು ಊಟ ಮಾಡುತ್ತೀರಾ?"

ಎಲ್ಲರದೂ ಹೌದು! ಒಂದೇ ಒಂದು "ಇಲ್ಲ" ಇರಲಿಲ್ಲ.

ಪ್ರಿನ್ಸಿಪಾಲರು ಮೈಕ್ ಹಿಡಿದು, "ಅವರು ಬೇರೆಯಲ್ಲ, ನಾವು ಬೇರೆಯಲ್ಲ" ಎಂದು ಗದ್ಗದಿತರಾದರು. ಚಪ್ಪಾಳೆಯೋ ಚಪ್ಪಾಳೆ...

ಮಧ್ಯಾಹ್ನದ ಅಡುಗೆ ಸಿದ್ದಗಂಗಮ್ಮನದು. ಎಂಟು ವರ್ಷದ ಹಿಂದೆ ಮನಸ್ಸಿನ ಕಾಯಿಲೆಗೆ ಬಿದ್ದು, ಔಷಧಿ ತೆಗೆದುಕೊಂಡು, ಮತ್ತೆ ಒಲೆ ಮುಂದೆ ನಿಂತ ಹೆಂಗಸು. ಜೊತೆಗಿದ್ದ ನಾಲ್ವರೂ ಅವರ ಹಾಗೇ ಎದ್ದು ಬಂದವರು.

ಈ ವಿಷಯ ಗೊತ್ತಿದ್ದದ್ದು ಮೇಡಂಗೆ ಮಾತ್ರ.

ಊಟ ಚೆನ್ನಾಗಿದ್ದರೆ ಮುಂದಿನ ತಿಂಗಳಿಂದ ಕಾಲೇಜಿನ ಕ್ಯಾಂಟೀನ್ ಅವರಿಗೇ ಕೊಡುವುದೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಐದು ಮನೆಗಳು ಆ ಮಾತನ್ನೇ ನಂಬಿಕೊಂಡು ಕೂತಿದ್ದವು.

ಬಾಳೆ ಎಲೆ ಹಾಕಿದರು. ಮುದ್ದೆ, ಬದನೆಕಾಯಿ ಎಣ್ಣೆಗಾಯಿ, ಅನ್ನ, ತಿಳಿಸಾರು, ಹೆಸರುಬೇಳೆ ಪಾಯಸ. ಪ್ರಿನ್ಸಿಪಾಲರು ಪಾಯಸವನ್ನು ಮೂರು ಸಲ ಹಾಕಿಸಿಕೊಂಡರು!

"ಕ್ಯಾಂಟೀನ್ ನಿಮ್ದೇ ಕಣಮ್ಮ!" ಅಂದರು. ಸಿದ್ದಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಹಾಗೇ ಕಣ್ಣೂ ಒರೆಸಿಕೊಂಡರು.

ಆಗ ಶಶಿರೇಖಾ ಮೇಡಂ ಮೈಕ್ ತೆಗೆದುಕೊಂಡರು. ಇದು ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಪ್ರಯೋಗ...

"ನೀವು ಇಷ್ಟು ಹೊಗಳಿದ ಈ ಅಡುಗೆ ಮಾಡಿದ ಐವರೂ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು!" ಎಂದು ಹೇಳಿ ಚಪ್ಪಾಳೆಗೆ ಕಾದರು.

ಚಪ್ಪಾಳೆ ಬರಲಿಲ್ಲ.

ಒಬ್ಬರು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಎಲೆಯ ಮೇಲೆ ಬಿಟ್ಟರು. ಇನ್ನೊಬ್ಬರು ನಲ್ಲಿಯ ಹತ್ತಿರ ಓಡಿ, ಗಂಟಲಿಗೆ ಬೆರಳು ಹಾಕಿ ಓಕರಿಸಿದರು. ಬಾಯಿ ಮುಕ್ಕಳಿಸಲು ಕ್ಯೂ ನಿಂತಿತು. ಕಾಮರ್ಸ್ ಲೆಕ್ಚರರ್ ಒಬ್ಬರು, "ಪಾಯಸಕ್ಕೆ ಮಾತ್ರೆ ಗೀತ್ರೆ ಬಿದ್ದಿದ್ರೆ?" ಅಂದರು. ಅದಕ್ಕೆ ನಾಲ್ಕು ಜನ ನಕ್ಕರು.

ಪ್ರಿನ್ಸಿಪಾಲರು ಬಾಯಿ ಉಜ್ಜಿ ಉಜ್ಜಿ ಒರೆಸಿಕೊಂಡು, "ಏನ್ ಮೇಡಂ, ಮೊದ್ಲೇ ಹೇಳೋದಲ್ವಾ? ಕ್ಯಾಂಟೀನ್ ವಿಷ್ಯ ಕಮಿಟಿಲಿ ನೋಡೋಣ" ಎಂದು ಹೊರಟೇ ಹೋದರು.

ಥೂ... ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ಇವರು ತಿಂದ ಬದನೆಕಾಯಿಯನ್ನೂ ಉಗುಳಿದರು!

ಮೇಡಂಗೆ ಮೈಯೆಲ್ಲ ಉರಿಯಿತು. ಸಮಾಧಾನ ಹೇಳಲೆಂದು ಸೀದಾ ಅಡುಗೆಮನೆಗೆ ಹೋದರು. ಸಿದ್ದಗಂಗಮ್ಮ ಪಾತ್ರೆ ತೊಳೆಯುತ್ತಿದ್ದರು.

"ನೋಡಿದ್ರಾ ಸಿದ್ದಗಂಗಮ್ಮ, ಎಂಥಾ ಜನ! ನಂಗೆ ಅಸಹ್ಯ ಆಗ್ತಿದೆ."

"ಜನ ಇರ್ಲಿ ಬುಡಿ ಮೇಡಂ. ನಮ್ ಕಾಯ್ಲೆ ಇಸ್ಯ ಮೈಕ್‌ನಾಗೆ ಹೇಳೋಕ್ ಮುಂಚೆ, ನಮ್ಮುನ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ಲಿಲ್ವಾ ನಿಮ್ಗೆ?"

ಸಿದ್ದಗಂಗಮ್ಮ ತೊಳೆದ ಪಾತ್ರೆಯನ್ನು ಬೋರಲು ಹಾಕಿದರು.

"ಇನ್ನೊಂದು... ಬೇಜಾರ್ ಮಾಡ್ಕಬ್ಯಾಡಿ. ಒಂದೊಂದ್ ಎಲೆಗೂ ನಾನೇ ಎಣ್ಣೆಗಾಯಿ ಬಡುಸ್ದೆ. ನಿಮ್ ಎಲೆ ಎಲ್ಲಿತ್ತು?"

ಮೇಡಂ ಕೈ ತಾನಾಗಿಯೇ ಹೆಗಲಿನ ಬ್ಯಾಗಿನ ಮೇಲೆ ಹೋಯಿತು.

ಅದರೊಳಗೆ ಒಂದು ಸ್ಟೀಲ್ ಡಬ್ಬಿ. ಬೆಳಿಗ್ಗೆ ಮನೆಯಿಂದ ಚಿತ್ರಾನ್ನ ತಂದಿದ್ದರು... ಪಂಕ್ತಿಗೆ ಮುಂಚೆಯೇ ಸ್ಟಾಫ್ ರೂಮಿನಲ್ಲಿ ಕೂತು ತಿಂದು ಮುಗಿಸಿದ್ದರು. "ಗ್ಯಾಸ್ಟ್ರಿಕ್, ಹೊರಗಿನ ಊಟ ಆಗಲ್ಲ" ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಹೋದ ವಾರ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದಾಗ ಯಾವ ಗ್ಯಾಸ್ಟ್ರಿಕ್ಕೂ ಇರಲಿಲ್ಲ!

ಒಂಬತ್ತನೇ ಪ್ರಶ್ನೆಗೆ ಎಲ್ಲರಿಗಿಂತ ಮೊದಲು "ಹೌದು" ಅಂತ ಟಿಕ್ ಹಾಕಿದ್ದವರೂ ಅವರೇ.

ಅಷ್ಟು ಹೊತ್ತು ಊರವರ ಎಲೆಯ ನೊಣ ಎಣಿಸುತ್ತಿದ್ದರು... ಹೆಗ್ಗಣ ಸತ್ತು ಬಿದ್ದದ್ದು ತಮ್ಮದೇ ಎಲೆಯಲ್ಲಿ. ನಲ್ಲಿಯ ಹತ್ತಿರ ಓಕರಿಸಿದವರಿಗಿಂತ ತಮ್ಮ ಮೇಲೆಯೇ ಹೆಚ್ಚು ಹೇಸಿಗೆ ಹುಟ್ಟಿತು. ಡಬ್ಬಿ ತೆಗೆದು ತೋರಿಸಿ, ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟರು.

ಸಿದ್ದಗಂಗಮ್ಮ ಸಮಾಧಾನ ಮಾಡಲಿಲ್ಲ. ಒಂದು ಎಲೆ ಹಾಕಿದರು.

"ಕೂತ್ಕಳಿ. ಅತ್ಕಂಡ್ ಉಣ್ಬ್ಯಾಡಿ, ಕಣ್ಣೀರು ಬಿದ್ದು ಉಪ್ಪಾಯ್ತದೆ. ಆಮ್ಯಾಕೆ ಅಡ್ಗೆ ಸರಿಯಿಲ್ಲ ಅಂತೀರ."

ಮೇಡಂ ನೆಲದ ಮೇಲೆ ಕೂತು, ಎಲೆಯಲ್ಲಿ ಒಂದು ಅಗುಳೂ ಬಿಡದೆ ಊಟ ಮಾಡಿದರು.

ಕ್ಯಾಂಟೀನ್ ಸಿಗಲಿಲ್ಲ. ಆ ಕಮಿಟಿ ಇವತ್ತಿಗೂ ಕೂತಿಲ್ಲ! ಕಾಲೇಜಿನ ಗೇಟಿನ ಎದುರು ಸಿದ್ದಗಂಗಮ್ಮನವರು ತಗಡಿನ ಶೆಡ್ ಹಾಕಿಕೊಂಡಿದ್ದಾರೆ. ಮಧ್ಯಾಹ್ನ ಅಲ್ಲಿ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಬೆಂಚಿನ ಮೇಲೆ, ಮೇಡಂ ಊಟಕ್ಕೆ ಕೂರುತ್ತಾರೆ. ಈಗ ಡಬ್ಬಿ ತರುವುದಿಲ್ಲ.

ಸಂಶೋಧನೆ ಅಚ್ಚಿಗೆ ಹೋಗುವ ಮುಂಚೆ ಅವರು ಸಿದ್ದಗಂಗಮ್ಮನನ್ನು ಕೇಳಿದರು, "ಆವತ್ತಿನ ವಿಷ್ಯ ಬರೀಲಾ?"

"ಮೊದ್ಲು ನಿಮ್ ಡಬ್ಬಿ ಇಸ್ಯ ಬರೀರಿ. ಆಮ್ಯಾಕೆ ನಮ್ದು."

ಆ ಸಂಶೋಧನೆಯ ಮೊದಲ ಸಾಲು ಈಗ ಹೀಗಿದೆ: "ಒಂಬತ್ತನೇ ಪ್ರಶ್ನೆಗೆ ಮೊದಲು ಸುಳ್ಳು ಹೇಳಿದವಳು ನಾನು."

*ಪಕ್ಕದಲ್ಲಿ ಕೂತು ಉಣ್ಣದವರಿಗೆ ಮೈಕ್ ಹಿಡಿದು ಮರುಗುವ ಹಕ್ಕಿಲ್ಲ.*

ಫಾರ್ವರ್ಡ್ ಮಾಡುವ ಮುಂಚೆ ಒಂದು ನಿಮಿಷ... ಒಂಬತ್ತನೇ ಪ್ರಶ್ನೆಗೆ ನೀವು "ಹೌದು" ಅಂದಿರಿ ತಾನೇ? ಹಾಗಾದರೆ ನಿಮ್ಮ ಬ್ಯಾಗಿನಲ್ಲಿರುವ ಆ ಡಬ್ಬಿ ಯಾಕೆ?