ಪರ್ಮಿಟ್ಟಿಗೆ ಒಂದು ಸಹಿ

ಮನೋಹರನಿಗೆ ಪರದೇಶದಲ್ಲಿ ಕಾರು ಓಡಿಸುವ ಪರ್ಮಿಟ್ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ವೀಸಾ ಬಂದಿತ್ತು, ಇಟಲಿಗೆ ವಿಮಾನದ ಟಿಕೆಟ್ ಆಗಿತ್ತು, ಇಳಿದ ಕೂಡಲೇ ಹಿಡಿಯಬೇಕಾದ ಬಾಡಿಗೆ ಕಾರನ್ನು ಮಗಳು ಅಂಕಿತಾ ಹುಬ್ಬಳ್ಳಿಯಲ್ಲಿ ಕುಳಿತೇ ಗೊತ್ತು ಮಾಡಿದ್ದಳು.

ಬೆಟಗೇರಿಯ ಮಗ್ಗಗಳಿಂದ ಸೀರೆ ಎತ್ತಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ತನ್ನ ಕಾರಿನಲ್ಲಿ ಮುಟ್ಟಿಸುವುದು ಅವನ ದಂಧೆ. ಮದುವೆಯಾದಾಗಿನಿಂದ ಹೆಂಡತಿ ಶಾಂಭವಿ ನೋಡಿದ ಊರುಗಳೂ ಅವೇ. ಅದೂ ಅಂಗಡಿಯ ಮುಂದೆ, ಕಾರಿನೊಳಗೆ ಕುಳಿತು. ಟೂರಿನ ಬಸ್ಸು ಬೇಡವೆಂದವನು ಮನೋಹರನೇ. "ಕುರಿ ತುಂಬಿದಂಗ ತುಂಬಿಕೊಂಡು ಒಯ್ತಾರ. ಸ್ಟೇರಿಂಗ್ ನಮ್ಮ ಕೈಯಾಗ ಇದ್ರ ಬೇಕಾದ ಹಳ್ಳ್ಯಾಗ ನಿಲ್ಲಬಹುದು." ಗುಡ್ಡದ ಮೇಲಿನ ಸಣ್ಣ ಸಣ್ಣ ಊರುಗಳನ್ನು ಶಾಂಭವಿ ಫೋನಿನ ನಕ್ಷೆಯಲ್ಲಿ ಬೆರಳಿಂದ ದೊಡ್ಡದು ಮಾಡಿ ಮಾಡಿ ಆರಿಸಿದ್ದಳು. ಅವಳದು ಒಂದೇ ಕರಾರು.

"ಎಲ್ಲೂ ಸೀರಿ ಅಂಗಡಿ ಮುಂದ ಕಾರ್ ನಿಲ್ಲಸಂಗಿಲ್ಲ."

"ಅಲ್ಲಿ ಸೀರಿ ಉಡಾವ್ರು ಯಾರದಾರ?"

"ನಿಮ್ಮನ್ನ ನಂಬಂಗಿಲ್ಲ. ಹುಡುಕಿ ಉಡಸ್ತೀರಿ."

ಅಲ್ಲಿ ಸ್ಟೇರಿಂಗ್ ಎಡಕ್ಕೆ, ಗೇರು ಬಲಗೈಗೆ. ಊಟವಾದ ಮೇಲೆ ಮನೋಹರ ಕುರ್ಚಿಯಲ್ಲಿ ಕುಳಿತು, ಬಲಗೈಯಲ್ಲಿ ಲಟ್ಟಣಿಗೆ ಹಿಡಿದು ಗೇರು ಬದಲಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಶಾಂಭವಿ ಪಕ್ಕದ ಕುರ್ಚಿಯಲ್ಲಿ ಕುಳಿತು ದಾರಿ ಹೇಳುತ್ತಿದ್ದಳು.

ಪರ್ಮಿಟ್ಟಿಗೆ ಡಾಕ್ಟರ ಸಹಿ ಬೇಕಿತ್ತು. "ನೀವೇನು ಹೋಗಬ್ಯಾಡ್ರಿ ಸಾವಕಾರ್ರ, ಸಹಿ ನಾ ತರ್ತೀನಿ," ಎಂದ ಆರ್‌ಟಿಓ ಕಚೇರಿಯ ಏಜೆಂಟ್ ಹೊಳೆಯಪ್ಪ. ಶಾಂಭವಿ ಒಪ್ಪಲಿಲ್ಲ. ಈಚೆಗೆ ಕಾರಿನ ಎಡಗಡೆಯ ಕನ್ನಡಿ ಎರಡು ಸಲ ಒಡೆದಿತ್ತು. ಎರಡು ಸಲವೂ ರಸ್ತೆ ಬದಿ ನಿಂತಿದ್ದ ಟಂಟಂ ಆಟೋದ್ದೇ ತಪ್ಪು ಎಂದಿದ್ದ ಮನೋಹರ. "ನಿಮ್ಮ ಕಣ್ಣಿನ ಚಾಳೀಸ ಹಳೇದಾಗೇತಿ. ಹೊಸಾದು ಹಾಕಿಸಿಕೊಂಡು, ಖರೇ ಸಹೀನ ತರೂಣು, ನಡೀರಿ," ಎಂದಳು.

ಗದಗಿನ ಕಣ್ಣಿನ ಡಾಕ್ಟರ್ ಯಾಸ್ಮೀನ ಅವನು ಸಣ್ಣಂದಿನಿಂದ ನೋಡಿದ ಹುಡುಗಿ. ಅವಳ ತಾಯಿ ಸೀರೆ ಒಯ್ಯುತ್ತಿದ್ದುದು ಅವನ ಮನೆಯಿಂದಲೇ. ಗೋಡೆಯ ಮೇಲಿನ ಅಕ್ಷರಗಳನ್ನು ಮನೋಹರ ಕೊನೆಯ ಸಾಲಿನವರೆಗೂ ಗಡಗಡ ಓದಿದ. ಯಾಸ್ಮೀನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಅವನನ್ನು ಕತ್ತಲೆ ಕೋಣೆಯಲ್ಲಿ ಒಂದು ಮಷೀನಿನ ಮುಂದೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಡುವಿನ ಚುಕ್ಕೆಯಿಂದ ಕದಲಿಸಬಾರದು. ಸುತ್ತ ಎಲ್ಲೇ ಬೆಳಕು ಮಿಣುಕಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಶಾಂಭವಿ ಹಿಂದೆ ಸ್ಟೂಲಿನ ಮೇಲಿದ್ದಳು. ಗುಂಡಿ ಟಕ್ ಎನ್ನುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬೆಳಕೇ ನಿಧಾನಕ್ಕೆ ಬರುತ್ತದೇನೋ ಎಂದುಕೊಂಡಳು.

ಮನೋಹರ ನಗುತ್ತ ಹೊರಗೆ ಬಂದು ಯಾಸ್ಮೀನಳ ಮೇಜಿನ ಮುಂದೆ ಕುಳಿತ. "ಒಂದೂ ಬಿಟ್ಟಿಲ್ಲ ನೋಡವಾ. ಜಲ್ದಿ ಸಹಿ ಹಾಕಿ ಕೊಡು."

"ಸಹಿ ಹಾಕಾಕ ಬರಂಗಿಲ್ಲ ಕಾಕಾರ." ಯಾಸ್ಮೀನ ಮಷೀನಿನ ಕಾಗದ ನೋಡುತ್ತಿದ್ದಳು. "ಕಣ್ಣಿನೊಳಗ ಒತ್ತಡ ಹೆಚ್ಚಾಗಿ ನರ ಸತ್ತಾವ. ನಿಮಗ ನಡುವಿಂದು ಚೊಲೋ ಕಾಣತೈತಿ, ಬಾಜೂದು ಕಾಣಂಗಿಲ್ಲ. ಇದು ಸುರುವಾಗಿ ಭಾಳ ವರ್ಷ ಆಗೇತಿ."

"ಒಂದಿನಾನೂ ಕಣ್ಣು ಬ್ಯಾನಿ ಆಗಿಲ್ಲ ನನಗ."

"ಇದು ಬ್ಯಾನಿ ಆಗೂದಿಲ್ರಿ. ಹಂಗಾಗೇ ಯಾರಿಗೂ ಖಬರ ಇರಂಗಿಲ್ಲ. ಔಷಧ ಹಾಕಿದ್ರ ಉಳದದ್ದು ಉಳೀತೈತಿ. ಹೋದದ್ದು ಬರಂಗಿಲ್ಲ."

ಮನೋಹರ ಹೆಂಡತಿಯ ಕಡೆ ನೋಡದೆ ಹೇಳಿದ. "ಆತು. ಇಟಲಿ ಬ್ಯಾಡ. ಟಿಕೆಟ್ ರದ್ದು ಮಾಡಾಕ ಅಂಕಿತಾಗ ಹೇಳತೀನಿ."

"ಇಲ್ಲೂ ಓಡಸಬ್ಯಾಡ್ರಿ ಕಾಕಾರ. ಇವತ್ತಿಂದನ."

"ಹಂಗಂದ್ರ ಹೆಂಗವಾ? ಅಂಗಡಿಗೆ ಸೀರಿ ಯಾರು ಒಯ್ತಾರ? ಲಕ್ಷ್ಮೇಶ್ವರದ ರಸ್ತಾ ನನಗ ಕಣ್ಣು ಮುಚ್ಚಿದ್ರೂ ಬರತೈತಿ."

"ಇಷ್ಟು ದಿನ ಹಂಗ ಓಡಿಸೀರಿ ಕಾಕಾರ."

ಯಾಸ್ಮೀನ ಅದನ್ನು ಚೇಷ್ಟೆಗೆ ಹೇಳಿರಲಿಲ್ಲ. ಮೇಜಿನ ಮೇಲಿದ್ದ ಕಾರಿನ ಕೀಲಿಯನ್ನು ಶಾಂಭವಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಸಿರೆಂದು ಹಿಂದೆ ಕೇಳಿದ್ದಳು. ನಾನಿರುವಾಗ ನಿನಗ್ಯಾಕೆ ಎಂದು ಅವನು ನಕ್ಕಿದ್ದ.

ಮನೋಹರ ಕೀಲಿ ಹೋದದ್ದನ್ನು ನೋಡಲಿಲ್ಲ. ಅದು ಅವನ ಎಡಗಡೆ ಇತ್ತು. ಅವನು ಮಷೀನಿನ ಮೇಲೆ ಸಿಟ್ಟಾಗಿದ್ದ. "ನಿನ್ನ ಮಷೀನ ಕೆಟ್ಟೈತಿ ತಂಗಿ. ಇಷ್ಟು ಹೊತ್ತಿನ್ಯಾಗ ಅದು ಹಚ್ಚಿದ್ದು ಅಲ್ಲೊಂದು ಇಲ್ಲೊಂದು ದೀಪ. ಹಚ್ಚಿದ್ದಕ್ಕೆಲ್ಲ ಗುಂಡಿ ಒತ್ತೀನಿ. ಬೇಕಾದ್ರ ಇಕಿನ್ನ ಕೇಳು, ಹಿಂದ ಕುಂತಿದ್ಲು."

ಶಾಂಭವಿ ಸಾಕ್ಷಿ ಹೇಳಲಿಲ್ಲ. ಯಾಸ್ಮೀನಳನ್ನು ಕೇಳಿದಳು. "ಅದು ಎಷ್ಟು ಹಚ್ಚತೈತವಾ?"

"ಒಂದೊಂದು ಕಣ್ಣಿಗೆ ಐವತ್ನಾಕು ಜಾಗಾದಾಗ, ಕಾಕು."

"ಇವ್ರು ಬಿಟ್ಟದ್ದು?"

ಯಾಸ್ಮೀನ ಕಾಗದವನ್ನು ಅವಳ ಕಡೆ ತಿರುಗಿಸಿದಳು.

"ಎಡಗಣ್ಣಾಗ ನಲವತ್ತೊಂದು. ಬಲಗಣ್ಣಾಗ ಇಪ್ಪತ್ತೊಂಬತ್ತು."