ಚಿಗರೆಯ ಹಿಮ್ಮಡಿ

ಡಾಕ್ಟರಮ್ಮ ತಲೆಯೆತ್ತುವ ಮೊದಲೇ ತಾಯಿ ದೊಡ್ಡ ಚೀಲವನ್ನು ಮೇಜಿನ ಮೇಲಿಟ್ಟಳು. ಹೊದಿಕೆ, ಫ್ಲಾಸ್ಕು, ತಟ್ಟೆ, ಲೋಟ, ಮಗಳ ಬಟ್ಟೆ.

"ಏನಮ್ಮಾ, ಮನೆ ಖಾಲಿ ಮಾಡ್ಕೊಂಡು ಬಂದ್ರಾ?"

"ಆಪರೇಷನ್ ಅಂದ್ರೆ ಇಲ್ಲೇ ಉಳೀಬೇಕಲ್ವಾ ಡಾಕ್ಟ್ರೇ? ಹಿಮ್ಮಡಿ ನೋವಿಗೆ ಕತ್ತಿ ತಪ್ಪಿದ್ದಲ್ಲ ಅಂತ ಬೀದಿಯೋರೆಲ್ಲ ಅಂದ್ರು." ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿತು.

ಅದೇ ಬೀದಿಯವರು ಅವಳ ಹತ್ತು ವರ್ಷದ ಮಗಳಿಗೆ ಚಿಗರೆ ಎಂದು ಹೆಸರಿಟ್ಟಿದ್ದರು. ಅವಳು ನಡೆದದ್ದನ್ನು ಕಂಡವರಿಲ್ಲ. ಮೆಟ್ಟಿಲನ್ನೂ ಜಿಂಕೆಯಂತೆ ಹಾರಿಯೇ ಇಳಿಯುವವಳು. ಅಂಥವಳು ಈಗ ಆಟ ಮುಗಿಸಿ ಬಂದರೆ ತುದಿಗಾಲಲ್ಲಿ ಕುಂಟುತ್ತಾ ಗೋಡೆ ಹಿಡಿಯುತ್ತಿದ್ದಳು. ಡಾಕ್ಟರಮ್ಮ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅದುಮಿದಾಗ "ಅಮ್ಮಾ!" ಎಂದು ಚೀರಿದಳು.

"ಬೆಳೆಯೋ ಮಕ್ಕಳ ನೋವು ಇದು. ಮೂಳೆ ಬೇಗ ಬೆಳೀತಿದೆ, ಮೀನಖಂಡ ಇನ್ನೂ ಅಷ್ಟು ಉದ್ದ ಆಗಿಲ್ಲ. ಓಡಿದಾಗ, ಹಾರಿದಾಗ ಎಳೇ ಹಿಮ್ಮಡೀನ ಜಗ್ಗುತ್ತೆ."

ಬಟ್ಟೆ ಹೊಲಿದು ಬದುಕುವ ತಾಯಿ ಕ್ಷಣ ಯೋಚಿಸಿದಳು. "ಅಂದ್ರೆ ಹುಡುಗಿ ಬೆಳೆದ್ಲು, ಪ್ಯಾಂಟು ಬಿಗಿಯಾಯ್ತು, ಹೊಲಿಗೆ ಜಗ್ತಿದೆ."

"ಹಾಗೇ ಅನ್ನಿ. ಆದ್ರೆ ಕತ್ತರಿ ಮುಟ್ಟೋದೇ ಬೇಡ. ಕೆಲವು ವಾರ ಓಟ, ಜಿಗಿತ ನಿಲ್ಲಿಸಿ. ನೋವಿದ್ದಾಗ ಐಸನ್ನ ಬಟ್ಟೇಲಿ ಸುತ್ತಿ ಇಡಿ. ಬೂಟಿನೊಳಗೆ ಹಿಮ್ಮಡಿಗೆ ಮೆತ್ತನೆ ಪ್ಯಾಡು. ನೋವು ಇಳಿದ ಮೇಲೆ, ಗೋಡೆಗೆ ಕೈಯೂರಿ ಮೀನಖಂಡ ಎಳೆಯೋ ವ್ಯಾಯಾಮ. ಈ ಬೆಳೆಯೋ ವಯಸ್ಸು ಕಳೆದ್ರೆ ನೋವೂ ಕಳೆಯುತ್ತೆ."

ತಾಯಿ ಅಂಗೈಯಿಂದ ಕಣ್ಣೊರೆಸಿಕೊಂಡಳು. ಬಿಕ್ಕಿದ್ದು ಮಗಳು. "ಓಡ್ಲೇಬಾರ್ದಾ? ಅದಕ್ಕಿಂತ ಆಪರೇಷನ್ನೇ ಮಾಡ್ಬಿಡಿ!"

ಚಿಗರೆಯನ್ನು ಕೂರಿಸುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ತಾಯಿ ಅವಳನ್ನು ಹೊಲಿಗೆ ಮಷಿನ್ನಿನ ಪಕ್ಕ ಕೂರಿಸಿಕೊಂಡು ಗುಂಡಿ ಆರಿಸಲು ಕೊಟ್ಟಳು. ಮೊದಮೊದಲು ಅಳು, ರಂಪ. ಆಮೇಲೆ ಹುಡುಗಿ ಸುಮ್ಮನೆ ಕೂತುಬಿಟ್ಟಳು. ತಾಯಿಗೆ ಅದೇ ಹೆಚ್ಚು ಕಷ್ಟವಾಯಿತು. ಕೆಳಮನೆಯ ಅಜ್ಜ ಮೆಟ್ಟಿಲು ಹತ್ತಿ ಬಂದು, "ಮಗು ಊರಲ್ಲಿಲ್ವೇನಮ್ಮಾ? ತಲೆ ಮೇಲೆ ಸದ್ದಿಲ್ದೆ ನಂಗೆ ನಿದ್ದೇನೇ ಬರ್ತಿಲ್ಲ" ಎಂದರು.

ಮತ್ತೆ ತೋರಿಸಲು ಹೋದ ದಿನ ಡಾಕ್ಟರಮ್ಮ ಹಿಮ್ಮಡಿ ಅದುಮಿದರೆ ಚಿಗರೆ ಕಿಲಕಿಲ ನಕ್ಕಳು. "ಕಚಗುಳಿ ಆಗುತ್ತೆ!"

"ಸರಿ, ಇನ್ನು ಸ್ವಲ್ಪ ಸ್ವಲ್ಪವೇ ಓಡು. ಪ್ಯಾಡು, ವ್ಯಾಯಾಮ ಮಾತ್ರ ಬಿಡ್ಬೇಡ."

ತಾಯಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿ ಖಾಲಿ. ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ಟಪಟಪ ಸದ್ದು, ಅದರ ಬೆನ್ನಿಗೇ ಕಾವಲುಗಾರನ ಗದರಿಕೆ.

"ಏಯ್ ಹುಡುಗೀ, ಇದೇನು ಆಸ್ಪತ್ರೆನೋ ಮೈದಾನನೋ? ಯಾರ್ರೀ ಇವಳ ತಾಯಿ?"

ತಾಯಿ ಬಾಗಿಲಿಗೆ ಬಂದಳು. "ನಾನೇ ಅಣ್ಣಾ. ಇನ್ನೊಂದ್ಸಲ ಬೈದುಬಿಡಿ. ಕೇಳೋಕೆ ಎಷ್ಟು ಹಿತವಾಗಿದೆ!"